ಹಲಗೆಗೆ ಕೂಲಿ ಕೊಡಿ, ಸೆರೆ ಕೊಡಬೇಡಿ

'ಆ ಕೇರಿ ಮಂದಿ ದುಡಿದದ್ದೆಲ್ಲ ಕುಡೀತಾರ, ಅವರು ಉದ್ಧಾರ ಆಗೋದಿಲ್ಲ ಬಿಡ್ರಿ.' ಕಾರಟಗಿಯ ಚಹಾದಂಗಡಿಗಳಲ್ಲಿ ಈ ತೀರ್ಪು ದಿನಾ ಹೊರಬೀಳುತ್ತದೆ. ಕುಡಿದವನ ಹೆಸರು ಎಲ್ಲರಿಗೂ ಗೊತ್ತು. ಕುಡಿಸಿದವರು ಯಾರು? ಅದನ್ನು ಯಾರೂ ಕೇಳುವುದಿಲ್ಲ.

ನಾವು ಕೇಳೋಣ ಗೆಳೆಯರೇ. ಊರಲ್ಲಿ ಹೆಣ ಬಿದ್ದರೆ ಹಲಗೆ ಬೇಕು. ಜಾತ್ರೆಗೆ ಬೇಕು, ಅಲಾಯಿ ಹಬ್ಬಕ್ಕೆ ಬೇಕು. ತಲೆತಲಾಂತರದಿಂದ ಹಲಗೆ ಬಾರಿಸಿದವನ ಕೈಗೆ ಬಂದದ್ದೇನು? ಒಂದಿಷ್ಟು ಕಾಳು, ಉಳಿದ ಅನ್ನ, ಮೇಲೆ ಒಂದು ಬಾಟಲಿ ಸೆರೆ. ಕುಣಿ ತೋಡಿದವನಿಗೂ ಅದೇ, ಚರಂಡಿಗೆ ಇಳಿದವನಿಗೂ ಅದೇ. ಎಚ್ಚರ ಇದ್ದವನು ಒಪ್ಪದ ಕೆಲಸ ಮಾಡಿಸಬೇಕಾದರೆ ಮೊದಲು ಎಚ್ಚರ ತೆಗೀಬೇಕು. ಸೆರೆ ನಮ್ಮ ಕೇರಿಗೆ ಚಟವಾಗಿ ಬರಲಿಲ್ಲ, ಕೂಲಿಯಾಗಿ ಬಂತು. ಕುಡಿಸಿದವರೇ ಈಗ ಕುಡುಕ ಅಂತ ಹೀಯಾಳಿಸುತ್ತಾರೆ.

ತುಂಗಭದ್ರೆಯ ಎಡದಂಡೆ ಕಾಲುವೆ ಬಂತು, ಈ ನೆಲ ಭತ್ತದ ಕಣಜವಾಯಿತು, ಅಕ್ಕಿ ಗಿರಣಿಗಳು ಎದ್ದವು. ನೆಲವಿಲ್ಲದವನು ಸಸಿ ಹಚ್ಚುವ ಕೂಲಿಯಾಗಿ, ಚೀಲ ಹೊರುವ ಹಮಾಲನಾಗಿ ಉಳಿದ. ಸಂಜೆ ಬೆನ್ನು ನೋಯುತ್ತದೆ. ಔಷಧ ದೂರ, ಪ್ಯಾಕೆಟ್ಟು ಹತ್ತಿರ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ ಬಂದು ಕೂತಿತು. ಪಾನನಿಷೇಧಕ್ಕೆ ಪ್ರಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಸರಕಾರಕ್ಕೆ ಹೇಳುತ್ತದೆ. ಸರಕಾರ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವ ಗುರಿ ಇಟ್ಟುಕೊಂಡಿತು. ಗುರಿ ಇಟ್ಟದ್ದು ಯಾರ ಎದೆಗೆ?

ಇಷ್ಟು ಹೇಳಿ ಸುಮ್ಮನಾದರೆ ನಮ್ಮದೂ ಚಹಾದಂಗಡಿ ಮಾತೇ. ಬಿಡಿಸುವ ದಾರಿ ಯಾವುದು?

ಕುಷ್ಟಗಿ ದಾಟಿದರೆ ಇಳಕಲ್ಲು. ಅಲ್ಲಿಯ ಮಠದ ಮಹಾಂತ ಶಿವಯೋಗಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿದರು. ಕಾಳು ಬೇಡಲಿಲ್ಲ, ದುಡ್ಡು ಬೇಡಲಿಲ್ಲ. 'ನಿನ್ನ ಚಟ ಇದರಲ್ಲಿ ಹಾಕು' ಅಂದರು. ಮಹಾಂತ ಜೋಳಿಗೆ ಅಂತ ಅದು ನಾಡಿಗೆಲ್ಲ ಹೆಸರಾಯಿತು. ಅವರು 2018ರಲ್ಲಿ ತೀರಿಕೊಂಡರು. ಅವರ ಜನ್ಮದಿನ ಆಗಸ್ಟ್ 1ನ್ನು ಸರಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ಒಂದು ದಿನ ಭಾಷಣ, ಉಳಿದ ದಿನ ವ್ಯಾಪಾರ! ಜೋಳಿಗೆಯ ಮುಂದೆ ಕೈ ಮುಗಿಯೋಣ. ಆದರೆ ಜೋಳಿಗೆ ಮುಂದಿನ ಊರಿಗೆ ಹೋದ ಮೇಲೆ, ಮರುದಿನ ಸಂಜೆ ಆರಕ್ಕೆ ಕೈ ನಡುಗುವವನ ಬಳಿ ಯಾರು ಕೂಡಬೇಕು? ಕೇರಿ ಕೂಡಬೇಕು.

ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧಮ್ಮಕ್ಕೆ ಹೋದಾಗ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಅನ್ನೋದೂ ಒಂದು. ಅದು ಒಬ್ಬೊಬ್ಬನು ಮೂಲೆಯಲ್ಲಿ ಕೂತು ಹಾಕಿದ ಆಣೆಯಲ್ಲ. ಲಕ್ಷಾಂತರ ಜನ ಒಟ್ಟಿಗೆ ನಿಂತು ಆಡಿದ ಮಾತು. ನಮ್ಮ ಪಾಲಿಗೆ ಅಧ್ಯಾತ್ಮ ಅಂದರೆ ಇದು: ಪಾಪ ತೊಳೆಯುವುದಲ್ಲ, ತಲೆ ಎತ್ತುವುದು.

ಹೆಂಗಸರು ಇದನ್ನು ನಮಗಿಂತ ಮೊದಲೇ ತಿಳಿದರು. 1990ರ ದಶಕದ ಆರಂಭದಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯಲು ಕೂತ ಕೂಲಿ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ಅವರ ಓದಿನ ಪುಸ್ತಕದಲ್ಲಿದ್ದ ಒಂದು ಕತೆ ಕಿಡಿಯಾಯಿತು. 1993ರಲ್ಲಿ ಆಂಧ್ರ ಸರಕಾರ ಸಾರಾಯಿ ನಿಲ್ಲಿಸಬೇಕಾಯಿತು. 2019ರ ಜನವರಿಯಲ್ಲಿ ನಮ್ಮ ನಾಡಿನ ಸಾವಿರಾರು ಹೆಂಗಸರು ಮದ್ಯ ನಿಷೇಧಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಗಂಡಸರಾದ ನಾವು ಎಷ್ಟು ಮೈಲಿ ನಡೆದೆವು?

ಈಗ ಡಿಗ್ರಿ ಮುಗಿಸಿದ ನನ್ನ ತಲೆಮಾರಿನವರಿಗೆ ಒಂದು ಮಾತು. ಹಲಗೆ ಅವಮಾನದ ಗುರುತು, ಸುಟ್ಟುಬಿಡೋಣ ಅನ್ನುತ್ತೀರಿ. ಬಿಟ್ಟಿ ಚಾಕರಿ ಸುಡೋಣ. ಬಾಟಲಿ ಕೂಲಿ ಸುಡೋಣ. ಹಲಗೆ ಯಾಕೆ ಸುಡಬೇಕು? ಕೇರಿಯಲ್ಲಿ ಸಂಜೆ ಹೊತ್ತು ಹಲಗೆ ಕಾಯಿಸಿ ಕೂಡೋಣ. ತತ್ವಪದದ ಭಜನೆ ಮೇಳ ಇದೆ, ಹೋರಾಟದ ಹಾಡಿದೆ, ಬೀದಿ ನಾಟಕ ಇದೆ. ಕೈಗೆ ತಾಳ ಸಿಕ್ಕವನಿಗೆ ಆ ಒಂದು ತಾಸು ಬಾಟಲಿಯ ನೆನಪು ತಡೆದುಕೊಳ್ಳಲು ಬಲ ಬರುತ್ತದೆ. ಹಾಡು ಕಟ್ಟುವವನು ತನ್ನ ನೋವಿಗೆ ಹೆಸರು ಇಡುತ್ತಾನೆ. ಹೆಸರಿಲ್ಲದ ನೋವೇ ಅಂಗಡಿಗೆ ಎಳೆಯುವುದು.

ಎಚ್ಚರಿಕೆಯೂ ಬೇಕು. ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಲೇ ಬಿಟ್ಟರೆ ಮೂರ್ಛೆ, ಭ್ರಮೆ ಬರಬಹುದು, ಜೀವವೂ ಹೋಗಬಹುದು. ದೆವ್ವ ಹಿಡಿದಿದೆ ಅಂತ ಕಟ್ಟಿಹಾಕಬೇಡಿ. ಮೊದಲು ಸರಕಾರಿ ಆಸ್ಪತ್ರೆಗೆ ಕರಕೊಂಡು ಹೋಗಿ. 14416ಕ್ಕೆ ಫೋನು ಮಾಡಿದರೆ ಟೆಲಿ ಮಾನಸ್‌ನವರು ದುಡ್ಡಿಲ್ಲದೆ ಸಲಹೆ ಕೊಡುತ್ತಾರೆ. ಬಿಟ್ಟವನು ಮತ್ತೆ ಕುಡಿದು ಬಂದರೆ ಹೊರಗೆ ಹಾಕಬೇಡಿ. ರೋಗ ಮರುಕಳಿಸಿತು ಅಂತ ರೋಗಿಯನ್ನು ಯಾರಾದರೂ ಬೈಯುತ್ತಾರಾ?

ಮಾಸ್ತರರೇ, ಸಂಜೆ ಶಾಲೆಯ ಒಂದು ಕೋಣೆಯ ಬೀಗ ತೆಗೆಯಿರಿ. ವಿದ್ಯಾರ್ಥಿಗಳೇ, ರಜೆಗೆ ಊರಿಗೆ ಬಂದಾಗ ಆ ಕೋಣೆಯಲ್ಲಿ ಕೂಡಿ. ಸಂಘಟನೆಯ ಗೆಳೆಯರೇ, ಊರ ಹಿರೇರ ಮುಂದೆ ನಿಂತು ಹೇಳಿ: ಇನ್ನು ಮುಂದೆ ಹಲಗೆಗೆ ರೊಕ್ಕ, ಅದೂ ಮೊದಲೇ ಮಾತಾಡಿದಷ್ಟು. ಬಾಟಲಿ ತೋರಿಸಿದವರ ಮನೆ ಮುಂದೆ ಹಲಗೆ ನುಡಿಯೋದಿಲ್ಲ.