ಮಕಾವಿಗೆ ಅರ್ಧ ದಿನ ಸಾಲದು

ಹಾಂಗ್‌ಕಾಂಗಿಗೆ ಹೋಗಿಬರುವ ನಮ್ಮ ಜನರ ಪ್ರವಾಸಪಟ್ಟಿಯಲ್ಲಿ ಮಕಾವು ನಗರಕ್ಕೆ ಸಲ್ಲುವ ಕಾಲ ಸಾಮಾನ್ಯವಾಗಿ ಅರ್ಧ ದಿನ, ಹೆಚ್ಚೆಂದರೆ ಒಂದು ದಿನ. ಬೆಳಿಗ್ಗೆ ಹಡಗಿನಲ್ಲಿಯೋ, 2018ರಲ್ಲಿ ತೆರೆದ 55 ಕಿಲೋಮೀಟರು ಉದ್ದದ ಸಮುದ್ರಸೇತುವೆಯ ಮೇಲೆ ಬಸ್ಸಿನಲ್ಲಿಯೋ ಬಂದಿಳಿದು, ಸುಟ್ಟುಹೋದ ಇಗರ್ಜಿಯೊಂದರ ಮುಂದೆ ಚಿತ್ರ ತೆಗೆಸಿಕೊಂಡು, ಮಧ್ಯಾಹ್ನ ಕ್ಯಾಸಿನೋ ಒಂದರ ಒಳಗಣ ಕೃತಕ ಕಾಲುವೆಯಲ್ಲಿ ದೋಣಿಯೇರಿ, ದೀಪ ಹತ್ತುವ ಹೊತ್ತಿಗೆ ಹಿಂದಿರುಗುವುದು ವಾಡಿಕೆ. ಹೀಗೆ ಯೋಜಿಸುವವರು ಆ ಊರಿಗೆ ಅನ್ಯಾಯ ಮಾಡುತ್ತಾರೆಂಬುದಕ್ಕಿಂತ, ಕೊಟ್ಟ ಹಣಕ್ಕೆ ತಮಗೆ ತಾವೇ ನಷ್ಟ ಮಾಡಿಕೊಳ್ಳುತ್ತಾರೆಂಬುದು ನನ್ನ ಅಭಿಪ್ರಾಯ.

ಪೋರ್ಚುಗೀಸರು 1557ರಲ್ಲಿ ನೆಲೆಯೂರಿ, 1999ರ ಡಿಸೆಂಬರ್ 20ರಂದು ಚೀನಕ್ಕೆ ಒಪ್ಪಿಸಿ ನಿರ್ಗಮಿಸಿದ ಈ ಪಟ್ಟಣ ಬಹುಕಾಲ ಗೋವೆಯ ವೈಸರಾಯಿಯ ಅಧೀನದಲ್ಲಿದ್ದಿತೆಂಬುದನ್ನು ನೆನೆದರೆ, ಕಾರವಾರದ ಗಡಿಯಾಚೆಗೇ ಗೋವೆಯನ್ನುಳ್ಳ ನಮಗೆ ಅದು ತೀರ ಪರದೇಶವೆಂದು ತೋರಲಾರದು. ಹಳೆಯ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರನ ಶರೀರವಿರುವ ಪೆಟ್ಟಿಗೆಯನ್ನು ಕಂಡುಬಂದವರು, ಅದೇ ಸಂತನ ತೋಳಿನ ಎಲುಬೊಂದನ್ನು ಮಕಾವಿನ ಸೇಂಟ್ ಜೋಸೆಫ್ ಇಗರ್ಜಿಯಲ್ಲಿ ಕಾಣಬಹುದಾಗಿದೆ.

ಈ ನಗರವನ್ನು ನಡೆದೇ ನೋಡತಕ್ಕದ್ದು. ಬೆಸ್ತರನ್ನು ಕಾಯುವ ಸಮುದ್ರದೇವತೆಗೆಂದು, ಪೋರ್ಚುಗೀಸರು ಬರುವುದಕ್ಕೆ ಮೊದಲೇ ಎದ್ದುನಿಂತಿದ್ದ ಆ-ಮಾ ಗುಡಿಯಿಂದ ಬೆಳಗಿನ ತಂಪಿನಲ್ಲಿ ಹೊರಟರೆ, ಸ್ವಲ್ಪ ದೂರದಲ್ಲಿಯೇ ಹಳದಿ ಬಣ್ಣದ, ಕಮಾನುಸಾಲಿನ ಉದ್ದನೆಯ ಕಟ್ಟಡವೊಂದು ಎದುರಾಗುತ್ತದೆ. ಪೊಲೀಸರ ಬಲವರ್ಧನೆಗಾಗಿ ಗೋವೆಯಿಂದ ಕರೆಸಿಕೊಂಡ ಭಾರತೀಯ ಸಿಪಾಯಿಗಳ ವಾಸಕ್ಕೆಂದು 1874ರಲ್ಲಿ ಕಟ್ಟಿದುದು ಅದು. ಈಗ ಸರಕಾರಿ ಕಚೇರಿ. ಅರ್ಧ ದಿನದ ಪ್ರವಾಸದಲ್ಲಿ ಇದಕ್ಕೆಲ್ಲಿಯ ಬಿಡುವು? ಅಲ್ಲಿಂದ ಮುಂದೆ, ನೀಲಿ ಬಿಳಿ ಹೆಂಚುಗಳ ಮೇಲೆ ಚೀನೀ ಪೋರ್ಚುಗೀಸ್ ಎರಡೂ ಭಾಷೆಗಳಲ್ಲಿ ಹೆಸರು ಬರೆದ ಓಣಿಗಳನ್ನು ಹಾಯ್ದು, ಕರಿ ಬಿಳಿ ಕಲ್ಲುಗಳನ್ನು ಅಲೆಯಲೆಯಾಗಿ ಹಾಸಿದ ಸೆನಾದೊ ಚೌಕವನ್ನು ದಾಟಿ, ಸಂತ ಪಾಲರ ಇಗರ್ಜಿಯ ಮೆಟ್ಟಿಲುಗಳ ಬುಡಕ್ಕೆ ಬರುತ್ತೇವೆ. 1835ರ ಬೆಂಕಿಯಲ್ಲಿ ಇಗರ್ಜಿಯೆಲ್ಲ ಉರಿದು, ಮುಂಭಾಗದ ಕಲ್ಲಿನ ಗೋಡೆಯೊಂದೇ ಉಳಿದಿದೆ. ಸ್ವದೇಶದಲ್ಲಿ ಧರ್ಮದ ನಿಮಿತ್ತ ಹಿಂಸೆಗೀಡಾಗಿ ಓಡಿಬಂದ ಜಪಾನೀ ಕ್ರೈಸ್ತರೂ ಸ್ಥಳೀಯ ಶಿಲ್ಪಿಗಳೂ ಕೂಡಿ ಕಂಡರಿಸಿದ ಆ ಗೋಡೆಯನ್ನು ಬೆನ್ನಹಿಂದಿಟ್ಟು ಚಿತ್ರ ತೆಗೆಸಿಕೊಳ್ಳುವ ಬದಲು, ಅದರತ್ತ ಮುಖಮಾಡಿ ಕತ್ತೆತ್ತಿ ನೋಡಬೇಕು: ಏಳು ಹೆಡೆಯ ಸರ್ಪದ ಮೇಲೆ ನಿಂತ ಮಾತೆ ಮೇರಿ, ಅದರ ಅರ್ಥವನ್ನು ಊರವರಿಗೆ ತಿಳಿಸುವ ಚೀನೀ ಲಿಪಿ, ಪೋರ್ಚುಗೀಸರ ಹಡಗು, ಚೀನೀ ಸಿಂಹಗಳು. ಆ ಗೋಡೆಯ ಮಗ್ಗುಲಿಗೇ ನಾ-ಚಾ ಎಂಬ ದೇವತೆಯ ಪುಟ್ಟ ಗುಡಿ, ಪಿಡುಗನ್ನು ತಡೆಯಲೆಂದು 1888ರಲ್ಲಿ ಕಟ್ಟಿದುದು. ಯುನೆಸ್ಕೊ ಸಂಸ್ಥೆ 2005ರಲ್ಲಿ ಈ ಹಳೆಯ ನಗರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಹಾಗೆಂದು ಕ್ಯಾಸಿನೋಗಳತ್ತ ಕಣ್ಣೆತ್ತಿಯೂ ನೋಡಬಾರದೆಂಬ ಶುಷ್ಕನೀತಿಯನ್ನು ಬೋಧಿಸುವುದು ನನ್ನ ಉದ್ದೇಶವಲ್ಲ. ಜೂಜನ್ನು ಬಿಟ್ಟು ಮಕಾವನ್ನು ಅರಿಯುವುದು ಅಸಾಧ್ಯ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿಯೇ ಶಾಸನದ ಮನ್ನಣೆ ಪಡೆದು, 1962ರಿಂದ ಸ್ಟ್ಯಾನ್ಲಿ ಹೋ ಎಂಬ ಉದ್ಯಮಿಯ ಕಂಪನಿಯ ಏಕಸ್ವಾಮ್ಯದಲ್ಲಿದ್ದ ಈ ವ್ಯವಹಾರವನ್ನು 2002ರಲ್ಲಿ ಇತರರಿಗೂ ತೆರೆದ ಮೇಲೆ, 2006ರ ವೇಳೆಗೆ ಅದರ ವರಮಾನ ಲಾಸ್ ವೇಗಾಸಿನದನ್ನೂ ಮೀರಿತು. ಬೊಕ್ಕಸದ ಬಹುಪಾಲನ್ನು ತುಂಬುವುದೂ ಅದೇ. 2008ರಿಂದ ಸರಕಾರ ಅಲ್ಲಿಯ ಖಾಯಂ ನಿವಾಸಿಗಳಿಗೆ ನಗದು ಹಂಚುತ್ತ ಬಂದಿದೆ. ಆದರೆ ಆ ಸರಕಾರವೇ ತನ್ನ ನೌಕರರಿಗೆ, ಚೀನೀ ಹೊಸವರ್ಷದ ಮೊದಲ ಮೂರು ದಿನಗಳ ಹೊರತು, ಜೂಜುಕಟ್ಟೆಯ ಪ್ರವೇಶವನ್ನು ನಿಷೇಧಿಸಿದೆ. ತಾನು ಮಾರುವ ಸರಕಿನ ಗುಣವನ್ನು ಅಂಗಡಿಯವನು ಚೆನ್ನಾಗಿಯೇ ಬಲ್ಲ.

ಅಲ್ಲಿಯ ಮುಖ್ಯ ಆಟ ಬಕಾರಾ ಎಂಬ ಇಸ್ಪೀಟು. ಶಕುನಿಯ ದಾಳಗಳಲ್ಲಿ ಕಪಟವಿತ್ತು. ಇಲ್ಲಿ ಕಪಟದ ಅವಶ್ಯಕತೆಯೇ ಇಲ್ಲ. ಒಡ್ಡಿದ ಪ್ರತಿ ನೂರು ರೂಪಾಯಿಗೆ ಸರಾಸರಿ ಒಂದು ರೂಪಾಯಿಗಿಂತ ತುಸು ಹೆಚ್ಚು ಕಟ್ಟೆಯ ಯಜಮಾನನಿಗೆ ಸಲ್ಲುವಂತೆ ಆಟದ ನಿಯಮಗಳೇ ಏರ್ಪಟ್ಟಿವೆ. ಎರಡು ಕೈಗಳೂ ಸಮನಾಗುತ್ತವೆಂದು ಪಣವೊಡ್ಡುವ ಆಸೆಬುರುಕನಿಂದಂತೂ ನೂರಕ್ಕೆ ಹದಿನಾಲ್ಕಕ್ಕೂ ಮಿಗಿಲು. ಆದುದರಿಂದ ಒಂದು ಸಂಜೆ ಒಳಹೊಕ್ಕು, ಕೈಕಟ್ಟಿ ನಿಂತು, ಆಡುವವರ ಮುಖಗಳನ್ನು ನೋಡಿ ಹೊರಬಂದರೆ ಸಾಕು. 21 ವರ್ಷ ತುಂಬದವರನ್ನು ಒಳಗೆ ಬಿಡುವುದಿಲ್ಲವಾಗಿ, ಮಕ್ಕಳನ್ನು ಕರೆದೊಯ್ಯುವ ದಂಪತಿಗಳು ಸರದಿಯ ಮೇಲೆ ನೋಡಿಬರಬೇಕಾಗುತ್ತದೆ.

ಹೋಗುವ ಕಾಲ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಅದಕ್ಕೆ ಹಿಂದಿನ ತಿಂಗಳುಗಳಲ್ಲಿ ಸೆಕೆಯೂ ಚಂಡಮಾರುತವೂ ಕೂಡಿ ಕಾಡುತ್ತವೆ. ಸಮುದ್ರವನ್ನು ಹೂಳಿ ಮಾಡಿದ ಕೋಟಾಯ್ ನೆಲದ ಝಗಝಗಿಸುವ ಹೋಟೆಲುಗಳಿಗಿಂತ ಹಳೆಯ ಊರಿನ ಸಣ್ಣ ವಸತಿಗೃಹ ಲೇಸು. ಕ್ಯಾಸಿನೋಗಳು ಓಡಿಸುವ ಬಿಟ್ಟಿ ಬಸ್ಸುಗಳಿರುವಾಗ ದೂರದ ಚಿಂತೆಯಿಲ್ಲ. ಊಟತಿಂಡಿಯ ಮಾತಿಗೆ ಬಂದರೆ, ಮಕಾವಿನ ದಕ್ಷಿಣದ ಕೊಲೊಆನ್ ಎಂಬ ಭಾಗದ ಪ್ರಸಿದ್ಧ ಸಿಹಿತಿನಿಸಾದ ಟಾರ್ಟಿನಲ್ಲಿ ಮೊಟ್ಟೆಯಿರುತ್ತದೆ; ಶಾಕಾಹಾರಿಗಳು ಅವಲಕ್ಕಿಯನ್ನೋ ಚಟ್ನಿಪುಡಿಯನ್ನೋ ಕಟ್ಟಿಕೊಂಡು ಹೊರಡುವುದು ಜಾಣತನ. ಭಾರತೀಯ ಪ್ರವಾಸಿಗಳಿಗೆ ಮಕಾವಿನಲ್ಲಿ 30 ದಿನಗಳವರೆಗೆ ವೀಸಾ ಬೇಕಾಗಿಲ್ಲವಾದರೂ, ದಾರಿಯಲ್ಲಿ ಹಾಂಗ್‌ಕಾಂಗನ್ನು ಹೊಗಲು ಮುಂಚಿತವಾಗಿ ಆನ್‌ಲೈನಿನಲ್ಲಿ ನೋಂದಾಯಿಸಿಕೊಳ್ಳಬೇಕು. ಇಂಥ ನಿಯಮಗಳು ಬದಲಾಗುತ್ತಿರುವುದರಿಂದ ಟಿಕೆಟಿಗೆ ಹಣ ಕಟ್ಟುವ ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ. ಪ್ರವಾಸದ ಏಜೆಂಟರು ಅರ್ಧ ದಿನದ ಪಟ್ಟಿಯನ್ನು ಮುಂದಿಟ್ಟರೆ ಒಪ್ಪಬೇಡಿ. ಎರಡು ರಾತ್ರಿಯ ವಾಸವನ್ನೂ, ಬಸ್ಸಿಲ್ಲದ ಒಂದು ಇಡೀ ಹಗಲನ್ನೂ ಕೇಳಿ ಬರೆಸಿಕೊಳ್ಳಿ.