ಅಕ್ಕನ ನೆಂಟರು

ಕನ್ನಡದಲ್ಲಿ ‘ಅಕ್ಕ’ ಎಂದರೆ ಒಡಹುಟ್ಟಿದ ಹಿರಿಯಳು. ತಮಿಳು, ತೆಲುಗು, ತುಳು ನುಡಿಗಳಲ್ಲಿಯೂ ಅರ್ಥ ಅದೇ. ನೆರೆಯ ಮರಾಠಿಯಲ್ಲಿಯೂ ಅದೇ. ಆದರೆ ಸಂಸ್ಕೃತ ನಿಘಂಟನ್ನು ತೆರೆದರೆ ಅಕ್ಕನಿಗೆ ಬಡ್ತಿ ದೊರೆತಿರುತ್ತದೆ: ಅಲ್ಲಿ ಆಕೆ ತಾಯಿ! ‘ಅಂಬಾ’ ಎಂಬುದು ಕರೆಯುವಾಗ ‘ಅಂಬ’ ಎಂದು ಹ್ರಸ್ವವಾಗುವುದನ್ನು ತಿಳಿಸುವ ಪಾಣಿನಿಯ ಸೂತ್ರಕ್ಕೆ ವ್ಯಾಖ್ಯಾನಕಾರರು ಕೊಟ್ಟ ಉದಾಹರಣೆಗಳಲ್ಲಿ ‘ಅಕ್ಕ’ನೂ ಉಂಟು. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ಕಾಲ್ಡ್‌ವೆಲ್ ಪಂಡಿತನು, ಈ ಶಬ್ದವನ್ನು ಸಂಸ್ಕೃತವು ದ್ರಾವಿಡದಿಂದ ಪಡೆಯಿತೆಂದು ಎಣಿಸಿದನು.

ಅಕ್ಕನ ಸಂಚಾರ ಭಾರತದಲ್ಲಿಯೇ ಮುಗಿಯುವುದಿಲ್ಲ. ರೋಮಿನ ಪುರಾಣದಲ್ಲಿ, ಅನಾಥರಾದ ಅವಳಿ ಮಕ್ಕಳು ರೋಮುಲಸ್ ಮತ್ತು ರೀಮಸರನ್ನು ಸಾಕಿದ ಕುರುಬಗಿತ್ತಿಯ ಹೆಸರು ಅಕ್ಕಾ ಲಾರೆಂಟಿಯಾ. ಯೂರೋಪಿನ ಉತ್ತರ ತುದಿಯ ಸಾಮಿ ಜನರಲ್ಲಿ ಬಾಣಂತಿಯನ್ನೂ ಕೂಸನ್ನೂ ಕಾಯುವ ದೇವತೆಗಳು ಸಾರಕ್ಕ, ಯುಕ್ಸಕ್ಕ, ಉಕ್ಸಕ್ಕ. ನೆರೆಯ ಫಿನ್ನಿಷ್ ಭಾಷೆಯಲ್ಲಿ ‘ಅಕ್ಕ’ ಎಂದರೆ ಮುದುಕಿ. ಅಪರಿಚಿತೆಯೊಬ್ಬಳನ್ನು ಹಾಗೆ ಕರೆದರೆ ಆಕೆ ಮುನಿದಾಳು. ಉಜ್ಬೇಕಿಯಲ್ಲಿ ‘ಅಕ’ ಎಂದರೆ ಅಣ್ಣ!

ಹಾಗಾದರೆ ಇವೆಲ್ಲ ಒಂದೇ ಬಳ್ಳಿಯ ಕಾಯಿಗಳೇ? ಅವಸರದಿಂದ ಹೌದೆನ್ನಲಾಗದು. ಇಂಗ್ಲಿಷಿನ ‘ಬ್ಯಾಡ್’ ಮತ್ತು ಪಾರಸಿಯ ‘ಬದ್’ ಎರಡಕ್ಕೂ ‘ಕೆಟ್ಟ’ ಎಂದೇ ಅರ್ಥ. ಉಚ್ಚಾರವೂ ಹೆಚ್ಚು ಕಡಿಮೆ ಒಂದೇ. ಆದರೂ ಅವೆರಡಕ್ಕೆ ಯಾವ ನಂಟೂ ಇಲ್ಲವೆಂದು ಭಾಷಾವಿಜ್ಞಾನಿಗಳು ತೋರಿಸಿದ್ದಾರೆ. ನಂಟುತನದ ಮಾತುಗಳಲ್ಲಂತೂ ಇನ್ನೂ ಎಚ್ಚರ ಬೇಕು. ಅಮ್ಮ, ಅಪ್ಪ ಎಂಬಂಥ ಶಬ್ದಗಳು ಹಲವು ಭಾಷೆಗಳಲ್ಲಿ ಹೋಲುವುದಕ್ಕೆ ಎಳೆಯ ಮಕ್ಕಳ ತೊದಲೇ ಕಾರಣವೆಂದು ರೋಮನ್ ಯಾಕಬ್ಸನ್ 1960ರಲ್ಲಿ ಪ್ರಕಟವಾದ ಲೇಖನದಲ್ಲಿ ವಿವರಿಸಿದನು. ಅಂಥ ಮಾತು ಒಂದೂರಿನಿಂದ ಇನ್ನೊಂದೂರಿಗೆ ಪಯಣ ಮಾಡಬೇಕಿಲ್ಲ. ಪ್ರತಿಯೊಂದು ತೊಟ್ಟಿಲಿನಲ್ಲಿಯೂ ಹೊಸದಾಗಿ ಹುಟ್ಟಬಹುದು.

ಹುಟ್ಟು ಎಲ್ಲಿಯದೇ ಆಗಲಿ, ಶಬ್ದಕ್ಕೆ ಮಾನವನ್ನು ಕೊಡುವವರು ಅದನ್ನು ಆಡುವ ಜನ. ಫಿನ್‌ಲೆಂಡಿನಲ್ಲಿ ಮುನಿಸು ತರುವ ಮಾತೇ ಕನ್ನಡ ನಾಡಿನಲ್ಲಿ ಗೌರವದ ಬಿರುದಾಯಿತು. ಹನ್ನೆರಡನೆಯ ಶತಮಾನದ ಮಹಾದೇವಿ, ವಯಸ್ಸಿನಲ್ಲಿ ಕಿರಿಯಳಾಗಿಯೂ, ಶರಣರೆಲ್ಲರಿಗೆ ‘ಅಕ್ಕ’ನಾದಳು. ಇಂದಿಗೂ ಬೀದಿಯಲ್ಲಿ ಸೊಪ್ಪು ಮಾರುವವಳು “ಸೊಪ್ಪು ಬೇಕೇನಕ್ಕಾ?” ಎಂದು ಕೂಗಿದರೆ, ಒಳಗಿನಿಂದ “ಕಟ್ಟಿಗೆಷ್ಟಕ್ಕಾ?” ಎಂದೇ ಉತ್ತರ ಬರುತ್ತದೆ. ಇಬ್ಬರಲ್ಲಿ ಹಿರಿಯರಾರೆಂದು ಯಾರೂ ಲೆಕ್ಕ ಹಾಕುವುದಿಲ್ಲ.