‘ಸಾಕು’ ಎನ್ನಬೇಕಾದವರು ಯಾರ ಅಧೀನದಲ್ಲಿರಬೇಕು?

ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ‘ಅಥ್ಲೆಟಿಕ್ ಟ್ರೇನರ್’ ಎಂಬ ಹುದ್ದೆಯೊಂದಿದೆ. ಹೆಸರು ಕೇಳಿದೊಡನೆ ಆಟ ಕಲಿಸುವ ತರಬೇತುದಾರ ಎಂಬ ಭಾವನೆ ನಮ್ಮಲ್ಲಿ ಮೂಡುವುದು ಸಹಜ. ಆದರೆ ಅದು ಕೋಚ್‌ನ ಕೆಲಸ. ಗಾಯವಾಗದಂತೆ ನೋಡಿಕೊಳ್ಳುವುದು, ಕುಸಿದು ಬಿದ್ದವರಿಗೆ ತಕ್ಷಣದ ಚಿಕಿತ್ಸೆ ನೀಡುವುದು, ಇಂದು ಯಾರು ಆಡಕೂಡದು ಎಂದು ಹೇಳುವುದು ಟ್ರೇನರ್ ಹೊಣೆ. ನಮ್ಮ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರಿಗೂ ಇವರಿಗೂ ಹೋಲಿಕೆ ಕಡಿಮೆ.

ಈ ಹುದ್ದೆಯ ಇತಿಮಿತಿ ಬಯಲಾದದ್ದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ. 2018ರ ಮೇ 29ರಂದು ಅಲ್ಲಿನ 19 ವರ್ಷದ ಫುಟ್‌ಬಾಲ್ ಆಟಗಾರ ಜೋರ್ಡನ್ ಮೆಕ್‌ನೇರ್ ಓಟದ ಅಭ್ಯಾಸದ ವೇಳೆ ಬಿಸಿಲಾಘಾತಕ್ಕೆ ತುತ್ತಾದ. ಜೂನ್ 13ರಂದು ಕೊನೆಯುಸಿರೆಳೆದ. ವಿಶ್ವವಿದ್ಯಾಲಯವೇ ನೇಮಿಸಿದ ತಜ್ಞರ ವರದಿಯ ಲೆಕ್ಕ ಹೀಗಿದೆ: ಲಕ್ಷಣ ಕಾಣಿಸಿಕೊಂಡ ಮೇಲೆ ಆತನನ್ನು ಮೈದಾನದಿಂದ ಹೊರತರಲು 34 ನಿಮಿಷ, ತುರ್ತು ಸೇವೆಗೆ ಕರೆ ಮಾಡಲು 1 ಗಂಟೆ 7 ನಿಮಿಷ, ಆಂಬುಲೆನ್ಸ್ ಆವರಣ ಬಿಡಲು 1 ಗಂಟೆ 39 ನಿಮಿಷ!

ಬಿಸಿಲಾಘಾತಕ್ಕೆ ಮದ್ದು ದುಬಾರಿಯದೇನಲ್ಲ. ಮೈಯ ತಾಪ ಅಳೆದು, ಮಂಜುಗಡ್ಡೆ ಬೆರೆಸಿದ ನೀರಿನ ತೊಟ್ಟಿಯಲ್ಲಿ ಕೂಡಲೇ ಮುಳುಗಿಸಬೇಕು. ಆಸ್ಪತ್ರೆಗೆ ಸಾಗಿಸುವುದು ನಂತರದ ಮಾತು. ಅರ್ಧ ಗಂಟೆಯೊಳಗೆ ದೇಹ ತಂಪಾದರೆ ಜೀವ ಉಳಿಯುವುದು ಬಹುಪಾಲು ಖಚಿತ. ಆ ದಿನ ಟ್ರೇನರ್‌ಗಳು ಸ್ಥಳದಲ್ಲೇ ಇದ್ದರು. ಆದರೂ ತಾಪ ಅಳೆಯಲಿಲ್ಲ, ತೊಟ್ಟಿಯ ಬಳಕೆಯೂ ಆಗಲಿಲ್ಲ. ವಿಶ್ವವಿದ್ಯಾಲಯದ ಅಧ್ಯಕ್ಷ ವ್ಯಾಲೇಸ್ ಲೋಹ್ ಆಗಸ್ಟ್‌ನಲ್ಲಿ ಕಾನೂನಾತ್ಮಕ ಹಾಗೂ ನೈತಿಕ ಹೊಣೆಯನ್ನು ಒಪ್ಪಿಕೊಂಡರು.

ಇದನ್ನು ಇಬ್ಬರು ಮೂವರು ನೌಕರರ ಲೋಪವೆಂದು ಕೈತೊಳೆದುಕೊಳ್ಳುವುದು ಸುಲಭ. ಅವರ ಲೋಪ ಸಣ್ಣದಲ್ಲ, ನಿಜ. ಆದರೆ ಅದರ ಹಿಂದಿನ ವರ್ಷ, ಅಂದರೆ 2017ರಲ್ಲಿ, ಟ್ರೇನರ್‌ಗಳನ್ನು ಕ್ರೀಡಾ ವಿಭಾಗದಿಂದ ಬೇರ್ಪಡಿಸಿ ಬಾಲ್ಟಿಮೋರ್‌ನ ವೈದ್ಯಕೀಯ ಕಾಲೇಜಿನ ಅಧೀನಕ್ಕೆ ಒಪ್ಪಿಸುವ ಪ್ರಸ್ತಾವ ಲೋಹ್ ಅವರ ಮುಂದೆ ಬಂದಿತ್ತು. ಅವರು ಅದನ್ನು ತಳ್ಳಿಹಾಕಿದ್ದರು. ಅದಕ್ಕೂ ಮುನ್ನ, 2016ರ ಜನವರಿಯಲ್ಲಿ, ದೊಡ್ಡ ಕ್ರೀಡಾ ಒಕ್ಕೂಟಗಳು ಆಟಗಾರರ ಚಿಕಿತ್ಸೆಯಲ್ಲಿ ವೈದ್ಯರು ಮತ್ತು ಟ್ರೇನರ್‌ಗಳ ತೀರ್ಮಾನವನ್ನು ಕೋಚ್ ಪ್ರಶ್ನಿಸುವಂತಿಲ್ಲ ಎಂಬ ನಿಯಮ ರೂಪಿಸಿದ್ದವು. ನಿಯಮ ಅಧಿಕಾರ ಕೊಟ್ಟಿತು, ಕುರ್ಚಿ ಮಾತ್ರ ಗೆಲುವಿನ ಲೆಕ್ಕ ಹಾಕುವ ಇಲಾಖೆಯಲ್ಲೇ ಉಳಿಯಿತು.

ಹಾಗೆಂದು ಇದು ಅರ್ಹತೆ ಇಲ್ಲದವರ ವೃತ್ತಿಯಲ್ಲ. ಇವರ ರಾಷ್ಟ್ರೀಯ ಸಂಘ ಸ್ಥಾಪನೆಯಾದದ್ದು 1950ರಲ್ಲಿ. 1990ರಲ್ಲಿ ಅಮೆರಿಕದ ವೈದ್ಯಕೀಯ ಸಂಘ ಇದನ್ನು ವೈದ್ಯಕೀಯ ಪೂರಕ ವೃತ್ತಿಯೆಂದು ಮಾನ್ಯ ಮಾಡಿತು. ಈಗ ಹೊಸದಾಗಿ ಈ ಕ್ಷೇತ್ರಕ್ಕೆ ಬರುವವರು ಸ್ನಾತಕೋತ್ತರ ಪದವಿ ಪಡೆಯಬೇಕು. ಸಂಬಳವೋ, 2023ರಲ್ಲಿ ವಾರ್ಷಿಕ ಸುಮಾರು 58 ಸಾವಿರ ಡಾಲರ್‌ನ ಆಸುಪಾಸು. ಮೆಕ್‌ನೇರ್ ತಂಡದ ಮುಖ್ಯ ಕೋಚ್ ಡಿ.ಜೆ. ಡರ್ಕಿನ್ ಅವರ ಒಪ್ಪಂದ ಐದು ವರ್ಷಕ್ಕೆ 1.25 ಕೋಟಿ ಡಾಲರ್‌ನದಾಗಿತ್ತು. ಒಬ್ಬರು ‘ಇನ್ನೊಂದು ಸುತ್ತು’ ಎಂದಾಗ ಇನ್ನೊಬ್ಬರು ‘ಸಾಕು’ ಎನ್ನಬೇಕಾದ ಜಾಗದಲ್ಲಿ ಈ ಅಂತರಕ್ಕೆ ಅರ್ಥವಿಲ್ಲವೆಂದು ಹೇಳುವವರು ಮೈದಾನ ಕಂಡಿರಲಾರರು.

ಡರ್ಕಿನ್ ಅವರನ್ನು 2018ರ ಅಕ್ಟೋಬರ್ 31ರಂದು ವಜಾ ಮಾಡಲಾಯಿತು. ಟ್ರೇನರ್‌ಗಳೂ ಹುದ್ದೆ ಕಳೆದುಕೊಂಡರು. 2021ರ ಜನವರಿಯಲ್ಲಿ ಮೆಕ್‌ನೇರ್ ಕುಟುಂಬಕ್ಕೆ 35 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿಗೆ ದೊರೆಯಿತು. ಅದೇ ವರ್ಷ ಆಟಗಾರರ ಸುರಕ್ಷತೆಗಾಗಿ ಮೇರಿಲ್ಯಾಂಡ್ ರಾಜ್ಯ ಆತನ ಹೆಸರಿನಲ್ಲೇ ಕಾಯ್ದೆ ತಂದಿತು.